ಸೊಂಟದ ಕೀಲು ಬದಲಿಸುವ ಮುನ್ನ: ಕೋಲು ಯಾವ ಕೈಯಲ್ಲಿ?

ಫಿಸಿಯೋಥೆರಪಿ ಓದುತ್ತಿರುವವರಿಗಾಗಿ ಬರೆದ ಟಿಪ್ಪಣಿ ಇದು. ಕೀಲಿನ ರಚನೆ, ಕೃತಕ ಕೀಲಿನ ಭಾಗಗಳು, ಸಿಮೆಂಟ್ ಹಾಕುವ ಮತ್ತು ಹಾಕದ ಬಗೆಗಳು ಪಠ್ಯದಲ್ಲೇ ಇವೆ, ಬಿಟ್ಟಿದ್ದೇನೆ. ಆಪರೇಷನ್ ಆದ ದಿನವೋ ಮರುದಿನವೋ ರೋಗಿಯನ್ನು ಎಬ್ಬಿಸಿ ನಿಲ್ಲಿಸುತ್ತೇವೆ. ನೋವು, ಮಂಪರು, ಭಯ ಒಟ್ಟಿಗೇ ಇರುವ ಆ ಹೊತ್ತಿನಲ್ಲಿ ಹೊಸ ಪಾಠ ತಲೆಗೆ ಹತ್ತುವುದಿಲ್ಲ. ಏಳುವುದು, ನಡೆಯುವುದು, ಮೆಟ್ಟಿಲು ಹತ್ತುವುದು ಮೊದಲೇ ಅಭ್ಯಾಸವಾಗಿರಬೇಕು.

ಕೋಲು

ವಾಕರ್ ಬಿಟ್ಟ ಮೇಲೆ ಕೋಲು ಬರುತ್ತದೆ. ಬಲಗಡೆಯ ಕೀಲು ಬದಲಿಸಿದ್ದರೆ ಕೋಲು ಎಡಗೈಯಲ್ಲಿ. ಇದನ್ನು ಹೇಳಿದೊಡನೆ ರೋಗಿ, ಜೊತೆಗೆ ಬಂದ ಮಗ, ಸೊಸೆ ಎಲ್ಲರೂ ಕೇಳುವುದು ಒಂದೇ: 'ನೋವಿರುವ ಕಾಲಿಗೆ ತಾನೆ ಆಸರೆ ಬೇಕು?' ನಿಯಮವನ್ನು ಬಾಯಿಪಾಠ ಮಾಡಿದವರು ಇಲ್ಲೇ ಸಿಕ್ಕಿಬೀಳುತ್ತಾರೆ. ಹಾಗಾಗಿ ಲೆಕ್ಕ ಮಾಡಿ ನೋಡೋಣ.

ರೋಗಿಯ ತೂಕ 60 ಕಿಲೋ. ಬಲಗಾಲಿನ ಮೇಲಷ್ಟೇ ನಿಂತಾಗ, ಆ ಕಾಲಿನದೇ ತೂಕ ಸುಮಾರು 10 ಕಿಲೋ ಕಳೆದರೆ, ಬಲಗಡೆಯ ಕೀಲು ಹೊರಬೇಕಾದದ್ದು 50 ಕಿಲೋ. ಕೀಲನ್ನು ತೋಳುಗಳು ಸಮವಿಲ್ಲದ ತಕ್ಕಡಿಯ ನಡುಗೂಟ ಎಂದುಕೊಳ್ಳಿ. ದೇಹದ ಭಾರ ಕೀಲಿನಿಂದ ಸುಮಾರು 10 ಸೆಂ.ಮೀ. ಒಳಗೆ, ಎಡಕ್ಕೆ ಬೀಳುತ್ತದೆ. ಶ್ರೋಣಿ (ಸೊಂಟದ ಮೂಳೆಗೂಡು) ಎಡಕ್ಕೆ ಕುಸಿಯದಂತೆ ಬಲಬದಿಯಲ್ಲಿ ಗ್ಲೂಟಿಯಸ್ ಮೀಡಿಯಸ್ ಎಂಬ ಪೃಷ್ಠದ ಸ್ನಾಯು ಮತ್ತು ಅದರ ಜೊತೆಗಾರ ಸ್ನಾಯುಗಳು ಕೆಳಕ್ಕೆ ಎಳೆಯುತ್ತವೆ. ಅವುಗಳ ತೋಳು, ಅಂದರೆ ಕೀಲಿನಿಂದ ದೂರ, ಸುಮಾರು 5 ಸೆಂ.ಮೀ. ಮಾತ್ರ. ಅಂದರೆ 50×10÷5, ಒಟ್ಟು 100 ಕಿಲೋ ಎಳೆತ. ಎರಡೂ ಬದಿಯ ಭಾರ ಸೇರಿ ಕೀಲಿನ ಮೇಲೆ 150 ಕಿಲೋ, ಮೈತೂಕದ ಎರಡೂವರೆ ಪಟ್ಟು.

ಈಗ ಎಡಗೈಗೆ ಕೋಲು ಕೊಡಿ. ಕೀಲಿನಿಂದ ಎಡಗೈಗೆ ಸುಮಾರು 50 ಸೆಂ.ಮೀ. ದೂರ. ರೋಗಿ ಕೋಲನ್ನು ಬರೀ 5 ಕಿಲೋ ಬಲದಿಂದ ಊರಿದರೆ ಸಾಕು: 5×50, ಅಂದರೆ 250. ಮೊದಲಿದ್ದ 50×10, ಅಂದರೆ 500ರಲ್ಲಿ ಅರ್ಧ ಅಲ್ಲಿಗೇ ಕಳೆಯಿತು. ಸ್ನಾಯುವಿಗೆ ಉಳಿದದ್ದು 50 ಕಿಲೋ ಎಳೆತ, ಕೀಲಿನ ಮೇಲೆ 50+50−5, ಅಂದರೆ 95. ಐದು ಕಿಲೋ ಒತ್ತಿದ್ದಕ್ಕೆ ಐವತ್ತೈದು ಕಿಲೋ ಇಳಿಯಿತು! (ಬಲಗಳ ಓರೆಯನ್ನು ಬಿಟ್ಟ ಸರಳ ಲೆಕ್ಕವಿದು, ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಇಷ್ಟು ಸಾಕು.)

ಬಲಗೈಯಲ್ಲೇ ಹಿಡಿದರೆ? ಸ್ನಾಯು ಕೆಳಕ್ಕೆ ಎಳೆಯುತ್ತಿರುವ ಬದಿಯನ್ನೇ ಕೋಲು ಮೇಲಕ್ಕೆ ತಳ್ಳುತ್ತದೆ. ಸ್ನಾಯುವಿನ ಕೆಲಸ ಹೆಚ್ಚುತ್ತದೆ, ರೋಗಿ ಬಲಕ್ಕೆ ವಾಲಿ ವಾಲಿ ನಡೆಯುತ್ತಾನೆ. ಟ್ರೆಂಡೆಲೆನ್‌ಬರ್ಗ್ ಲಕ್ಷಣ (ಒಂಟಿ ಕಾಲಲ್ಲಿ ನಿಂತಾಗ ಶ್ರೋಣಿ ಇನ್ನೊಂದು ಬದಿಗೆ ಕುಸಿಯುವುದು) ಅರ್ಥವಾಗದವರು ಇದೇ ತಕ್ಕಡಿಯನ್ನು ಕೋಲಿಲ್ಲದೆ ಬರೆದು ನೋಡಿ.

ಕೋಲಿನ ಎತ್ತರ: ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯವರೆಗೆ. ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮೊದಲು. ಇಳಿಯುವಾಗ ಕೋಲು ಮತ್ತು ಆಪರೇಷನ್ ಆದ ಕಾಲು ಮೊದಲು.

ಕೂರುವುದು

ಹಿಂಬದಿಯಿಂದ ಕೀಲು ತೆರೆದಿದ್ದರೆ ಮೂರು ಚಲನೆಗಳು ಅಪಾಯ: ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಿಸುವುದು, ಕಾಲನ್ನು ಇನ್ನೊಂದು ಕಾಲಿನ ಮೇಲೆ ದಾಟಿಸುವುದು, ಒಳಕ್ಕೆ ತಿರುಗಿಸುವುದು. ಮೂರೂ ಸೇರಿದರೆ ಕೀಲಿನ ತಲೆ, ಅಂದರೆ ತೊಡೆಯ ತುದಿಯ ಚೆಂಡು, ಬಟ್ಟಲಿನಿಂದ ಹಿಂದಕ್ಕೆ ಜಾರಬಹುದು. ಮುಂಬದಿಯಿಂದ ತೆರೆದಿದ್ದರೆ ಕಾಲನ್ನು ಹಿಂದಕ್ಕೆ ಚಾಚಿ ಹೊರಕ್ಕೆ ತಿರುಗಿಸುವುದು ಅಪಾಯ. ಆದ್ದರಿಂದ ಯಾವ ದಾರಿ ಎಂದು ಸರ್ಜನ್‌ರನ್ನು ಕೇಳದೆ ಕರಪತ್ರ ಕೈಗಿಡಬೇಡಿ. ಈ ನಿರ್ಬಂಧಗಳನ್ನು ಸಡಿಲಿಸಿರುವ ಸರ್ಜನ್‌ಗಳೂ ಇದ್ದಾರೆ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದೂ ಬೇಡ ಎನ್ನುತ್ತೇವೆ. ಅದರಲ್ಲಿ ತೊಡೆ ಹೊರಕ್ಕೇ ತಿರುಗುತ್ತದಲ್ಲ, ಮತ್ತೇಕೆ ಬೇಡ? ಭಂಗಿಗಿಂತ ನೆಲಕ್ಕೆ ಇಳಿಯುವ ಮತ್ತು ಏಳುವ ಕ್ಷಣಗಳೇ ತೊಂದರೆ. ಸೊಂಟ ಆಗ ಪೂರ್ತಿ ಮಡಿಯುತ್ತದೆ. ಮಣೆ, ತಗ್ಗಿನ ಸೋಫಾ, ಕುಕ್ಕರಗಾಲಿನ ಶೌಚಾಲಯಕ್ಕೂ ಇದೇ ಮಾತು. ರೋಗಿ ಆಸ್ಪತ್ರೆಗೆ ಹೊರಡುವ ಮೊದಲೇ ಕಮೋಡ್ ಕುರ್ಚಿ ಮನೆಗೆ ಬಂದಿರಲಿ. ಕೂತಾಗ ಮೊಣಕಾಲು ಸೊಂಟಕ್ಕಿಂತ ಕೆಳಗಿರಬೇಕು, ಅಷ್ಟೇ ಅಳತೆ.

ಉಳಿದದ್ದು

ಔಷಧದ ತೀರ್ಮಾನ ವೈದ್ಯರದು. ಆದರೆ ರೋಗಿ ಬಾಯಿಬಿಡುವುದು ಹೆಚ್ಚಾಗಿ ನಮ್ಮೆದುರು. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ನಾಟಿ ಔಷಧ ಯಾವುದಿದ್ದರೂ ತಿಳಿಸಲು ಹೇಳಿ. ತಾವಾಗಿಯೇ ನಿಲ್ಲಿಸುವುದೂ ಬೇಡ. ಹುಳುಕು ಹಲ್ಲು, ಉರಿಮೂತ್ರ, ಕಾಲಿನ ಹುಣ್ಣು ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ; ಅಲ್ಲಿನ ಸೋಂಕು ಹೊಸ ಕೀಲಿಗೆ ಇಳಿಯಬಹುದು. ಬೀಡಿ, ಸಿಗರೇಟನ್ನು ಕನಿಷ್ಠ 4 ವಾರ ಮೊದಲೇ ಬಿಡಬೇಕು. ಮನೆಯಲ್ಲಿ ರೇಜರ್‌ನಿಂದ ಕೂದಲು ತೆಗೆಯುವುದು ಬೇಡ, ಗೀರು ಬಿದ್ದರೆ ಸೋಂಕಿಗೆ ದಾರಿ.

ಮನೆಯವರಿಗೆ ಒಂದನ್ನು ಬಿಡಿಸಿ ಹೇಳಿ. ಮನೆಗೆ ಹೋದ ಮೇಲೆ ಇದ್ದಕ್ಕಿದ್ದಂತೆ ತೀವ್ರ ನೋವು ಬಂದು, ಕಾಲು ಗಿಡ್ಡವಾದಂತೆ ಕಂಡು, ಪಾದ ಒಂದು ಕಡೆಗೆ ತಿರುಗಿಕೊಂಡರೆ ಕೀಲು ತಪ್ಪಿರಬಹುದು. ಉಜ್ಜಬಾರದು, ಎಳೆಯಬಾರದು, ನಡೆಸಬಾರದು. ಮಲಗಿದ್ದಂತೆಯೇ ಆಂಬ್ಯುಲೆನ್ಸ್‌ನಲ್ಲಿ ಆಸ್ಪತ್ರೆಗೆ ಕರೆತರಬೇಕು.