ಮಕ್ಕಳಾದ ಮೇಲೆ ನರ್ಸಿಂಗ್ ಓದು: ಸೇರುವ ಮುನ್ನ ತೂಗಿ ನೋಡಬೇಕಾದದ್ದು

ಪ್ರತಿ ವರ್ಷ ಪ್ರವೇಶದ ಹೊತ್ತಿಗೆ ನರ್ಸಿಂಗ್ ಕಾಲೇಜುಗಳ ಕಚೇರಿಗೆ ಬರುವವರಲ್ಲಿ ಪಿಯುಸಿ ಮುಗಿಸಿದ ಹುಡುಗ ಹುಡುಗಿಯರ ಜೊತೆಗೆ ಮಗುವನ್ನು ಶಾಲೆಗೆ ಬಿಟ್ಟು ನೇರವಾಗಿ ಬಂದಿರುವ, ಮೂವತ್ತರ ಆಸುಪಾಸಿನ ಕೆಲವು ಮಹಿಳೆಯರೂ ಇರುತ್ತಾರೆ. ಮದುವೆಯಿಂದಾಗಿ ಓದು ನಿಂತವರು, ಗಂಡನನ್ನು ಕಳೆದುಕೊಂಡು ಸಂಸಾರದ ಭಾರ ಹೊತ್ತವರು, ಆಶಾ ಕಾರ್ಯಕರ್ತೆಯಾಗಿ ದುಡಿಯುತ್ತ ಆಸ್ಪತ್ರೆಯ ಕೆಲಸವನ್ನು ಹತ್ತಿರದಿಂದ ಕಂಡವರು, ಮನೆಯ ಹಿರಿಯರ ಕಾಯಿಲೆಯಲ್ಲಿ ತಿಂಗಳುಗಟ್ಟಲೆ ವಾರ್ಡಿನಲ್ಲಿ ಕಳೆದು ಈ ವೃತ್ತಿಯ ಕಡೆಗೆ ಮನಸ್ಸು ಹರಿಸಿದವರು, ಹೀಗೆ ಅವರ ಹಿನ್ನೆಲೆ ಬೇರೆ ಬೇರೆ. ಆದರೆ ಎಲ್ಲರೂ ಮೊದಲು ಕೇಳುವುದು ಒಂದನ್ನೇ: "ಮೇಡಂ, ಇಷ್ಟು ವರ್ಷ ಪುಸ್ತಕ ಮುಟ್ಟಿಲ್ಲ, ನನ್ನ ತಲೆಗೆ ಹತ್ತುತ್ತದೆಯೇ?"

ಹತ್ತುತ್ತದೆ. ನರ್ಸಿಂಗ್ ಶಿಕ್ಷಕಿಯಾಗಿ ನಾನು ಕಂಡಂತೆ, ತಡವಾಗಿ ಸೇರಿ ಅರ್ಧದಲ್ಲಿ ಬಿಟ್ಟವರಲ್ಲಿ ಪಾಠ ಅರ್ಥವಾಗದೆ ಬಿಟ್ಟವರು ಬಹಳ ಕಡಿಮೆ. ಮನೆಯ ಗಂಟೆಗಳಿಗೂ ವಾರ್ಡಿನ ಗಂಟೆಗಳಿಗೂ ಹೊಂದಾಣಿಕೆಯಾಗದೆ ಬಿಟ್ಟವರೇ ಹೆಚ್ಚು. ಆದ್ದರಿಂದ ತಾಯಂದಿರು ತಮ್ಮ ಬುದ್ಧಿಶಕ್ತಿಯ ಬಗ್ಗೆ ಪಡುವ ಚಿಂತೆಯಲ್ಲಿ ಅರ್ಧದಷ್ಟನ್ನಾದರೂ ವೇಳಾಪಟ್ಟಿಯ ಬಗ್ಗೆ ಪಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಅರ್ಹತೆಯ ವಿಷಯ. ಭಾರತೀಯ ಶುಶ್ರೂಷಾ ಪರಿಷತ್ತು ನಿಗದಿಪಡಿಸಿರುವಂತೆ ಎರಡು ವರ್ಷದ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿಯ ತರಬೇತಿ), ಮೂರು ವರ್ಷದ ಜಿಎನ್‌ಎಂ (ಸಾಮಾನ್ಯ ನರ್ಸಿಂಗ್ ಮತ್ತು ಸೂಲಗಿತ್ತಿಯ ಡಿಪ್ಲೊಮಾ) ಮತ್ತು ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್, ಈ ಮೂರಕ್ಕೂ ಕನಿಷ್ಠ ವಯಸ್ಸು 17, ಗರಿಷ್ಠ 35. ಬಿ.ಎಸ್ಸಿ.ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ಒಟ್ಟಾರೆ ಶೇ. 45ರಷ್ಟು (ಪರಿಶಿಷ್ಟ ಜಾತಿ, ಪಂಗಡದವರಾದರೆ ಶೇ. 40ರಷ್ಟು) ಅಂಕ ಪಡೆದಿರಬೇಕು. ಜಿಎನ್‌ಎಂಗೆ ಕಲಾ ಅಥವಾ ವಾಣಿಜ್ಯ ವಿಭಾಗದಲ್ಲಿ ಓದಿದವರೂ ಸೇರಬಹುದು, ಶೇ. 40ರಷ್ಟು ಅಂಕ ಮತ್ತು ಇಂಗ್ಲಿಷಿನಲ್ಲಿ ತೇರ್ಗಡೆ ಇದ್ದರೆ ಸಾಕು. ಇಲ್ಲಿ ಅನೇಕರಿಗೆ ತಿಳಿಯದ ಒಂದು ಅನುಕೂಲವಿದೆ: ಎಎನ್‌ಎಂ ಮುಗಿಸಿ ನೋಂದಣಿ ಮಾಡಿಸಿಕೊಂಡವರಿಗೆ ಜಿಎನ್‌ಎಂ ಸೇರಲು ಗರಿಷ್ಠ ವಯಸ್ಸಿನ ಮಿತಿಯಿಲ್ಲ. ಅಂದರೆ ಉಪಕೇಂದ್ರದಲ್ಲಿ ಕೆಲಸ ಮಾಡುತ್ತಿರುವ ನಲವತ್ತರ ಸಿಸ್ಟರ್ ಮುಂದೆ ಓದಬಹುದು, ಆದರೆ ಮನೆಯಲ್ಲಿದ್ದ ಮೂವತ್ತಾರರ ಮಹಿಳೆಗೆ ಆ ಬಾಗಿಲು ಮುಚ್ಚಿರುತ್ತದೆ. ಜಿಎನ್‌ಎಂ ನಂತರ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿ ಪದವಿ ಪಡೆಯುವ ದಾರಿಯೂ ಇದೆ. ಪರಿಷತ್ತಿನ ಜಾಗದಲ್ಲಿ ಹೊಸ ರಾಷ್ಟ್ರೀಯ ಆಯೋಗವನ್ನು ತರುವ ಕಾಯ್ದೆಗೆ ಸಂಸತ್ತು 2023ರಲ್ಲಿ ಒಪ್ಪಿಗೆ ನೀಡಿರುವುದರಿಂದ ನಿಯಮಗಳು ಬದಲಾಗಬಹುದು. ನೀವು ಸೇರುವ ವರ್ಷದ ಅಧಿಸೂಚನೆಯನ್ನೇ ಓದಿ, ಪರಿಚಿತರು ಹೇಳಿದ್ದನ್ನು ನಂಬಿ ಹಣ ಕಟ್ಟಬೇಡಿ.

ವಯಸ್ಸಿನ ಲೆಕ್ಕವನ್ನು ಕೋರ್ಸಿನ ಕೊನೆಯಿಂದಲೂ ಹಾಕಬೇಕು. 34ಕ್ಕೆ ಜಿಎನ್‌ಎಂ ಸೇರಿದವರು ಮುಗಿಸುವಾಗ 37 ಆಗಿರುತ್ತದೆ. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಸಾಮಾನ್ಯವಾಗಿ ಇರುವ ಮಿತಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ-1ಕ್ಕೆ 40. ವಿಧವೆಯರಿಗೆ ಇದರ ಮೇಲೆ ಸಡಿಲಿಕೆ ಉಂಟು, ಆಗಾಗ ಸರ್ಕಾರಿ ಆದೇಶದ ಮೂಲಕವೂ ಮಿತಿ ಸಡಿಲವಾಗುತ್ತದೆ. ಸರ್ಕಾರಿ ಶುಶ್ರೂಷಾಧಿಕಾರಿ ಹುದ್ದೆಯೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರುವವರು ಈ ಅಂಕಿಗಳನ್ನು ತಮ್ಮ ಜನ್ಮದಿನಾಂಕದ ಪಕ್ಕದಲ್ಲಿ ಬರೆದು ನೋಡಬೇಕು. ಖಾಸಗಿ ಆಸ್ಪತ್ರೆಗಳು, ಡಯಾಲಿಸಿಸ್ ಕೇಂದ್ರಗಳು, ಮನೆಗೇ ಹೋಗಿ ಆರೈಕೆ ಮಾಡುವ ಸೇವೆಗಳಲ್ಲಿ ವಯಸ್ಸು ಇಷ್ಟು ಅಡ್ಡಿಯಾಗುವುದಿಲ್ಲ. ಅಲ್ಲಿ ಆರಂಭದ ಸಂಬಳ ಮಾತ್ರ ಅನೇಕರ ನಿರೀಕ್ಷೆಗಿಂತ ಕಡಿಮೆ ಇರುತ್ತದೆ.

ತಾಯಂದಿರನ್ನೇ ಗುರಿಯಾಗಿಸಿಕೊಂಡು ಏಜೆಂಟರು ಆಡುವ ಒಂದು ಮಾತಿನ ಬಗ್ಗೆ ನಾನು ಕಟುವಾಗಿಯೇ ಬರೆಯಬೇಕಾಗಿದೆ. "ನೀವು ದಿನಾ ಬರುವುದು ಬೇಡ, ಪರೀಕ್ಷೆಗೆ ಬಂದರೆ ಸಾಕು, ಹಾಜರಾತಿ ನಾವು ನೋಡಿಕೊಳ್ಳುತ್ತೇವೆ" ಎಂಬ ಆ ಮಾತು ಮಗುವನ್ನು ಎಲ್ಲಿ ಬಿಡುವುದು ಎಂದು ಯೋಚಿಸುತ್ತಿರುವ ತಾಯಿಗೆ ವರದಂತೆ ಕೇಳಿಸುತ್ತದೆ. ಅದಕ್ಕೆ ಒಪ್ಪಿ ಪ್ರಮಾಣಪತ್ರ ಪಡೆದವರು ಮೊದಲ ರಾತ್ರಿಪಾಳಿಯಲ್ಲಿ ರೋಗಿಯ ರಕ್ತದೊತ್ತಡ ಕುಸಿಯುವಾಗ ಏನು ಮಾಡಬೇಕೆಂದು ತಿಳಿಯದೆ ನಿಲ್ಲುತ್ತಾರೆ, ಮತ್ತು ಆ ಕ್ಷಣದಲ್ಲಿ ನಷ್ಟವಾಗುವುದು ಇನ್ನೊಬ್ಬರ ಜೀವ. ಅಂತಹ ಕಾಲೇಜಿಗೆ ಸೇರಬೇಡಿ. ಸೇರುವ ಕಾಲೇಜು ಬಿ.ಎಸ್ಸಿ.ಗಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಥವಾ ಬೇರೆ ಮಾನ್ಯ ವಿಶ್ವವಿದ್ಯಾಲಯದ ಸಂಯೋಜನೆ ಹೊಂದಿದೆಯೇ, ಜಿಎನ್‌ಎಂಗಾದರೆ ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪಟ್ಟಿಯಲ್ಲಿದೆಯೇ, ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೋಡುವುದರ ಜೊತೆಗೆ, ವಿದ್ಯಾರ್ಥಿಗಳನ್ನು ಯಾವ ಆಸ್ಪತ್ರೆಗೆ ಪೋಸ್ಟಿಂಗಿಗೆ, ಅಂದರೆ ವಾರ್ಡಿನ ಪ್ರಾಯೋಗಿಕ ತರಬೇತಿಗೆ, ಕಳುಹಿಸುತ್ತಾರೆ, ಅಲ್ಲಿ ಹಾಸಿಗೆಗಳು ನಿಜವಾಗಿ ತುಂಬಿರುತ್ತವೆಯೇ ಎಂದು ಆ ಆಸ್ಪತ್ರೆಗೇ ಹೋಗಿ ನೋಡಿ ಬನ್ನಿ.

ಹಾಜರಾತಿಯ ನಿಯಮ ನೇರವಾಗಿದೆ. ಪರೀಕ್ಷೆಗೆ ಕೂರಲು ಪ್ರತಿ ವಿಷಯದ ತರಗತಿಯಲ್ಲೂ ಪ್ರಾಯೋಗಿಕದಲ್ಲೂ ಶೇ. 80ರಷ್ಟು ಹಾಜರಾತಿ ಬೇಕು; ಪದವಿ ಕೈಗೆ ಬರುವ ಮುನ್ನ ಪ್ರಾಯೋಗಿಕ ಗಂಟೆಗಳು ಶೇ. 100ರಷ್ಟು ಪೂರ್ಣವಾಗಬೇಕು. ಗೈರುಹಾಜರಿಯ ಕಾರಣ ಯಾವುದು ಎಂದು ಈ ಲೆಕ್ಕ ಕೇಳುವುದಿಲ್ಲ. ಮಗುವಿಗೆ ಜ್ವರ ಬಂದದ್ದಾಗಲಿ, ಅಂಗನವಾಡಿಗೆ ರಜೆ ಇದ್ದದ್ದಾಗಲಿ, ಊರಿನ ಜಾತ್ರೆಯಾಗಲಿ, ತಪ್ಪಿದ ಪೋಸ್ಟಿಂಗನ್ನು ಬೇರೆಯವರಿಗೆ ರಜೆಯಿರುವಾಗ ನೀವು ತುಂಬಿಕೊಡಬೇಕಾಗುತ್ತದೆ. ಆದ್ದರಿಂದ ಆ ಶೇ. 20ರಷ್ಟು ಬಿಡುವನ್ನು ನಂಟರ ಮನೆಯ ಮದುವೆ, ಗೃಹಪ್ರವೇಶಗಳಿಗೆ ವರ್ಷದ ಮೊದಲಲ್ಲೇ ಖರ್ಚು ಮಾಡದೆ, ಮಕ್ಕಳ ಕಾಯಿಲೆಗೆಂದು ಮೀಸಲಿಡಿ ಎಂದು ನಾನು ಎಲ್ಲ ತಾಯಂದಿರಿಗೂ ಹೇಳುತ್ತೇನೆ. ನರ್ಸರಿಗೆ ಹೊಸದಾಗಿ ಸೇರಿದ ಮಗು ಮೊದಲ ಮಳೆಗಾಲದಲ್ಲಿ ಮತ್ತೆ ಮತ್ತೆ ನೆಗಡಿ, ಜ್ವರ ತರುವುದು ಸಾಮಾನ್ಯ. ತಾಯಿಯ ಮೊದಲ ಸೆಮಿಸ್ಟರ್ ಮತ್ತು ಮಗುವಿನ ಮೊದಲ ಶಾಲಾ ವರ್ಷ ಒಟ್ಟಿಗೇ ಬರುವಂತಿದ್ದರೆ ವಯೋಮಿತಿ ಒಪ್ಪುವಷ್ಟರಲ್ಲಿ ಒಂದು ವರ್ಷ ತಡೆಯುವುದು ಒಳ್ಳೆಯದು.

ಓದಿನ ಕಡೆಗೆ ಬಂದರೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ಕೆಲವು ತಿಂಗಳು ಅಂಗರಚನಾಶಾಸ್ತ್ರದ ಇಂಗ್ಲಿಷ್ ಪುಸ್ತಕ ಭಯ ಹುಟ್ಟಿಸುತ್ತದೆ. ದಿನಕ್ಕೆ ಒಂದು ಪುಟವನ್ನು ಗಟ್ಟಿಯಾಗಿ ಓದಿ, ಅದರ ಚಿತ್ರವನ್ನು ಪುಸ್ತಕ ನೋಡದೆ ಬಿಡಿಸಿ, ಭಾಗಗಳ ಹೆಸರು ಬರೆಯುವ ಅಭ್ಯಾಸವಿಟ್ಟುಕೊಂಡವರು ಮೊದಲ ವರ್ಷದ ನಡುವಿಗೆ ಸರಿಹೋಗುತ್ತಾರೆ. ಅದಕ್ಕಿಂತ ಹೆಚ್ಚು ಗಮನ ಬೇಡುವುದು ಔಷಧದ ಪ್ರಮಾಣದ ಲೆಕ್ಕ, ಮತ್ತು ಇದರಲ್ಲಿ ತಾಯಂದಿರಿಗೆ ವಿಶೇಷವಾದ ತೊಡಕೊಂದಿದೆ. ಮನೆಯಲ್ಲಿ ಜ್ವರಕ್ಕೆ ಪ್ಯಾರಾಸಿಟಮಾಲ್ ಸಿರಪ್ ಕೊಟ್ಟು ಅಭ್ಯಾಸವಾದ ಕೈ "ಒಂದು ಚಮಚ" ಎಂದೇ ಯೋಚಿಸುತ್ತದೆ. ವಾರ್ಡಿನಲ್ಲಿ 12 ಕಿಲೋ ತೂಕದ ಮಗುವಿಗೆ ಕಿಲೋಗೆ 15 ಮಿಲಿಗ್ರಾಂನಂತೆ ಬರೆದಿದ್ದರೆ ಬೇಕಾದದ್ದು 180 ಮಿಲಿಗ್ರಾಂ. 5 ಮಿ.ಲೀ.ನಲ್ಲಿ 125 ಮಿಲಿಗ್ರಾಂ ಇರುವ ಬಾಟಲಿಯಾದರೆ 7.2 ಮಿ.ಲೀ. ಕೊಡಬೇಕು, ಅಷ್ಟೇ ದ್ರವದಲ್ಲಿ 250 ಮಿಲಿಗ್ರಾಂ ಇರುವ ಬಾಟಲಿಯಾದರೆ 3.6 ಮಿ.ಲೀ. ಸಾಕು. ಎರಡೂ ಬಾಟಲಿಗಳು ಅಂಗಡಿಯಲ್ಲಿ ಅಕ್ಕಪಕ್ಕದಲ್ಲೇ ಇರುತ್ತವೆ. ಬೇಕಾದ ಪ್ರಮಾಣವನ್ನು ಲಭ್ಯವಿರುವ ಪ್ರಮಾಣದಿಂದ ಭಾಗಿಸಿ, ಅದು ಎಷ್ಟು ಮಿ.ಲೀ.ನಲ್ಲಿದೆಯೋ ಅದರಿಂದ ಗುಣಿಸುವ ಈ ಒಂದು ಸೂತ್ರ ನಿದ್ದೆಗಣ್ಣಿನಲ್ಲೂ ತಪ್ಪದಷ್ಟು ರೂಢಿಯಾಗಬೇಕು. ಡ್ರಿಪ್‌ನ ಲೆಕ್ಕವೂ ಹಾಗೆಯೇ: ಒಂದು ಮಿ.ಲೀ.ಗೆ 20 ಹನಿ ಬೀಳುವ ಸೆಟ್‌ನಲ್ಲಿ 500 ಮಿ.ಲೀ. ದ್ರವವನ್ನು 4 ಗಂಟೆಯಲ್ಲಿ ಹರಿಸಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ. ಗಣಿತ ಬಿಟ್ಟು ಹದಿನೈದು ವರ್ಷವಾಯಿತು ಎನ್ನುವವರು ಏಳನೆಯ ತರಗತಿಯ ದಶಮಾಂಶ, ಭಿನ್ನರಾಶಿಯ ಪಾಠಗಳನ್ನು ಮಕ್ಕಳ ಜೊತೆಗೆ ಕುಳಿತೇ ಮತ್ತೆ ಕಲಿತರೆ ಇದಕ್ಕೆ ಬೇಕಾದ ಗಣಿತವೆಲ್ಲ ಬಂದಂತೆ.

ವಾರ್ಡಿಗೆ ಕಾಲಿಟ್ಟ ಮೇಲೆ ತಾಯ್ತನ ನೆರವಾಗುವ ಸಂದರ್ಭಗಳು ಬಹಳ. ಮಕ್ಕಳ ವಾರ್ಡಿನಲ್ಲಿ ಮಗುವಿನ ಅಳು ಹಸಿವಿನದೋ ನೋವಿನದೋ ಎಂದು ಅವರು ಬೇಗ ಗುರುತಿಸುತ್ತಾರೆ, ವಾಂತಿ ಮಲಗಳಿಗೆ ಹೇಸುವುದಿಲ್ಲ, ಗಾಬರಿಗೊಂಡ ಹೆತ್ತವರ ಜೊತೆ ಮಾತನಾಡುವ ರೀತಿಯಲ್ಲೇ ಒಂದು ಸಮಾಧಾನವಿರುತ್ತದೆ. ಆದರೆ ಈ ತಿಳಿವಳಿಕೆಯನ್ನು ಅಳತೆಯೊಂದಿಗೆ ಕಟ್ಟಿಹಾಕುವುದನ್ನು ಕಲಿಸುವುದೇ ನಮ್ಮ ಕೆಲಸ. "ಮಗು ಸ್ವಲ್ಪ ಜೋರಾಗಿ ಉಸಿರಾಡುತ್ತಿದೆ, ಮೇಡಂ" ಎಂದು ಹೇಳಿದರೆ ಸಾಲದು. ಮಗು ಅಳದೆ ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಬೇಕು. ಎರಡು ತಿಂಗಳು ತುಂಬದ ಶಿಶುವಿನಲ್ಲಿ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ, ಕೂಡಲೇ ತಿಳಿಸಬೇಕಾದ ಸಂಗತಿ. ತನ್ನ ಮಗುವಿನ ವಯಸ್ಸಿನದೇ ಮಗು ವಾರ್ಡಿನಲ್ಲಿ ನರಳುವುದನ್ನು ನೋಡಿ ಕೆಲವರಿಗೆ ಕೈ ಓಡುವುದಿಲ್ಲ, ಮನೆಗೆ ಹೋದರೂ ನಿದ್ದೆ ಬರುವುದಿಲ್ಲ. ಇದನ್ನು ದೌರ್ಬಲ್ಯವೆಂದು ಮುಚ್ಚಿಡದೆ ಟ್ಯೂಟರ್ ಜೊತೆ ಮಾತನಾಡಿದರೆ, ಮೊದಲು ಚೇತರಿಸಿಕೊಳ್ಳುತ್ತಿರುವ ಮಕ್ಕಳ ಆರೈಕೆ ವಹಿಸಿ, ಕ್ರಮೇಣ ತೀವ್ರ ಸ್ಥಿತಿಯ ಮಕ್ಕಳ ಕಡೆಗೆ ಕರೆದೊಯ್ಯಲು ಸಾಧ್ಯವಾಗುತ್ತದೆ.

ಜಿಎನ್‌ಎಂ ಮೂರನೆಯ ವರ್ಷದ ಹೆರಿಗೆ ಕೋಣೆಯ ಪೋಸ್ಟಿಂಗ್ ಇನ್ನೊಂದು ಬಗೆಯದು. ನೋವು ತಿನ್ನುತ್ತಿರುವ ಹೆಣ್ಣಿನ ಸೊಂಟ ಸವರುತ್ತ, "ಉಸಿರು ಬಿಡಮ್ಮ, ನನಗೂ ಹೀಗೇ ಆಗಿತ್ತು" ಎಂದು ತಾಯಿಯಾದ ವಿದ್ಯಾರ್ಥಿನಿ ಹೇಳುವಾಗ ಆ ಮಾತಿಗಿರುವ ಬಲ ಹತ್ತೊಂಬತ್ತರ ಹುಡುಗಿಯ ಮಾತಿಗೆ ಬರುವುದಿಲ್ಲ, ಮತ್ತು ನಮ್ಮ ಸರ್ಕಾರಿ ಹೆರಿಗೆ ಕೋಣೆಗಳಿಗೆ ಇಂತಹ ಮಾತು ಇನ್ನೂ ಬಹಳ ಬೇಕಾಗಿದೆ. ಆದರೆ ತನ್ನ ಹೆರಿಗೆ ರಾತ್ರಿಯಿಡೀ ನಡೆದಿತ್ತು ಎಂಬ ಕಾರಣಕ್ಕೆ ಎದುರಿಗಿರುವ ಹೆಣ್ಣಿನ ಹೆರಿಗೆ ತಡವಾಗುತ್ತಿರುವುದನ್ನೂ ಸಹಜವೆಂದು ಭಾವಿಸಿದರೆ ಅಪಾಯ. ಹೆರಿಗೆಯ ಪ್ರಗತಿಯನ್ನು ದಾಖಲಿಸುವ ಪಾರ್ಟೋಗ್ರಾಫ್ ಎಂಬ ನಕ್ಷೆಯಲ್ಲಿ ಗರ್ಭಕಂಠ ತೆರೆದುಕೊಳ್ಳುವ ವೇಗ, ಮಗುವಿನ ಹೃದಯ ಬಡಿತ, ತಾಯಿಯ ನಾಡಿ ಮತ್ತು ರಕ್ತದೊತ್ತಡ ಎಲ್ಲವನ್ನೂ ಹೊತ್ತು ಹೊತ್ತಿಗೆ ಗುರುತಿಸುವುದು ಈ ಊಹೆಗೆ ಅವಕಾಶ ಕೊಡದಿರಲೆಂದೇ. ಮಗು ಹೊರಬಂದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು ಏಕೆ, ಅತಿಯಾದ ರಕ್ತಸ್ರಾವ ತಡೆಯುವಲ್ಲಿ ಅದರ ಪಾತ್ರವೇನು ಎಂದು ಕಲಿಯುವಾಗ, ತಮಗೆ ಹಿಂದೆ ಆ ಕೋಣೆಯಲ್ಲಿ ಏನು ಮಾಡಿದ್ದರೆಂಬುದು ಈಗ ತಿಳಿಯಿತು ಎಂದು ಅನೇಕರು ಹೇಳಿದ್ದಾರೆ.

ಮನೆಯಲ್ಲಿ ಪುಟ್ಟ ಮಗು ಇರುವವರು ಸೋಂಕಿನ ವಿಷಯದಲ್ಲಿ ಇತರರಿಗಿಂತ ಕಟ್ಟುನಿಟ್ಟಾಗಿರಬೇಕು. 0, 1 ಮತ್ತು 6 ತಿಂಗಳ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳನ್ನು ಪ್ರವೇಶ ಖಚಿತವಾದ ದಿನದಿಂದಲೇ ಶುರುಮಾಡಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ವಾರ್ಡಿನ ಯೂನಿಫಾರ್ಮಿನಲ್ಲೇ ಮನೆಗೆ ಹೋಗಿ ಓಡಿಬರುವ ಮಗುವನ್ನು ಎತ್ತಿಕೊಳ್ಳಬೇಡಿ. ಬಟ್ಟೆ ಬದಲಿಸಿ, ಕೈ ತೊಳೆದ ನಂತರವೇ ಎತ್ತಿಕೊಳ್ಳುವುದನ್ನು ಮಗುವಿಗೂ ಅಭ್ಯಾಸ ಮಾಡಿಸಿ.

ತರಗತಿಯಲ್ಲಿ ಎಲ್ಲರೂ ಅಕ್ಕ ಎಂದು ಕರೆಯತೊಡಗುತ್ತಾರೆ. ಆ ಪ್ರೀತಿ ನಿಜವಾದದ್ದೇ, ಆದರೆ ಕಿರಿಯರ ಮನಸ್ತಾಪ ಬಿಡಿಸುವುದು, ಅವರ ಕೇರ್ ಪ್ಲಾನ್ (ರೋಗಿಯ ಆರೈಕೆಯ ಯೋಜನೆ) ಬರೆದುಕೊಡುವುದು, ಜ್ವರ ಬಂದವರಿಗೆ ಗಂಜಿ ಮಾಡುವುದು ಎಲ್ಲವೂ ಅಕ್ಕನ ಪಾಲಿಗೇ ಬಂದರೆ ಆಕೆಯ ಓದಿಗೆ ಸಮಯ ಉಳಿಯುವುದಿಲ್ಲ. ಅದೇ ರೀತಿ, ತನಗಿಂತ ಕಿರಿಯಳಾದ ಟ್ಯೂಟರ್ ತಿದ್ದಿದಾಗ ಮನಸ್ಸಿಗೆ ತುಸು ಚುಚ್ಚುತ್ತದೆ. ತಿದ್ದುವವರು ಸಹ ಎಲ್ಲರ ಎದುರಿಗೆ ಗದರದೆ, ಪಕ್ಕಕ್ಕೆ ಕರೆದು ಹೇಳುವ ಸೌಜನ್ಯ ತೋರಬೇಕೆಂದು ನನ್ನ ಸಹೋದ್ಯೋಗಿಗಳಲ್ಲಿ ಬೇಡಿಕೊಳ್ಳುತ್ತೇನೆ. ತಂದೆಯಾದ ಮೇಲೆ ಸೇರುವ ಗಂಡಸರೂ ಇದ್ದಾರೆ. ಮನೆಯ ಕೆಲಸಕ್ಕಿಂತ ಮೂರು ನಾಲ್ಕು ವರ್ಷ ದುಡಿಮೆಯಿಲ್ಲದೆ ಸಂಸಾರ ನಡೆಸುವ ಚಿಂತೆ ಅವರಲ್ಲಿ ಹೆಚ್ಚು. ರಾತ್ರಿ ಬೇರೆ ಕೆಲಸ ಮಾಡಿ ಬೆಳಿಗ್ಗೆ ಪೋಸ್ಟಿಂಗಿಗೆ ಬರುವುದು ರೋಗಿಯ ದೃಷ್ಟಿಯಿಂದ ಅಪಾಯಕಾರಿ, ಆದ್ದರಿಂದ ಶಿಕ್ಷಣ ಸಾಲ ಮತ್ತು ವಿದ್ಯಾರ್ಥಿವೇತನದ ಅರ್ಜಿಗಳನ್ನು ಅವರು ಪ್ರವೇಶದ ವಾರದಲ್ಲೇ ಮುಗಿಸಬೇಕು.

ಇನ್ನು ರಾತ್ರಿಪಾಳಿ. ಎರಡನೆಯ ವರ್ಷದಿಂದ ಅದು ಬಂದೇ ಬರುತ್ತದೆ, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ. ಮನೆಯವರು ಸಾಮಾನ್ಯವಾಗಿ ಓದಿಗೆ ಒಪ್ಪಿರುತ್ತಾರೆ, ಈ ಹನ್ನೆರಡು ಗಂಟೆಗಳಿಗೆ ಒಪ್ಪಿರುವುದಿಲ್ಲ, ಏಕೆಂದರೆ ಅದರ ಮಾತೇ ಮನೆಯಲ್ಲಿ ಎದ್ದಿರುವುದಿಲ್ಲ. ಜೊತೆಗೆ, ಕೆಲವು ಕಾಲೇಜುಗಳಲ್ಲಿ ಹಾಸ್ಟೆಲ್ ವಾಸ ಕಡ್ಡಾಯ. ಮಕ್ಕಳಿರುವವರಿಗೆ ಮನೆಯಿಂದ ಬಂದುಹೋಗಲು ಅನುಮತಿ ಉಂಟೇ ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಹೀಗಾಗಿ ವಿಚಾರಿಸಲು ಬರುವ ತಾಯಂದಿರಿಗೆ, ಎರಡನೆಯ ಸಲ ಬರುವಾಗ ರಾತ್ರಿ ಮಗುವಿನ ಪಕ್ಕದಲ್ಲಿ ಮಲಗುವವರು ಯಾರೋ ಅವರನ್ನು, ಗಂಡನಾಗಲಿ ಅತ್ತೆಯಾಗಲಿ ತವರಿನ ಅಮ್ಮನಾಗಲಿ, ಕರೆದುಕೊಂಡು ಬರಲು ಹೇಳುತ್ತೇನೆ. ಶುಲ್ಕದ ಮಾತಿಗೂ ಮೊದಲು ಅವರ ಮುಂದೆ ವರ್ಷದ ಡ್ಯೂಟಿ ಪಟ್ಟಿಯನ್ನು ಇಟ್ಟು, ಮಗುವಿಗೆ ಹುಷಾರು ತಪ್ಪಿದ ದಿನ ಕೆಲಸಕ್ಕೆ ರಜೆ ಹಾಕುವವರು ಯಾರು, ಪರೀಕ್ಷೆಯ ತಿಂಗಳಲ್ಲಿ ಅಡುಗೆ ಯಾರದು, ಬೆಳಿಗ್ಗೆ ಪಾಳಿ ಮುಗಿಸಿ ಬಂದವಳು ಮಧ್ಯಾಹ್ನದವರೆಗೆ ನಿದ್ದೆ ಮಾಡಲು ಮನೆಯಲ್ಲಿ ಬಾಗಿಲು ಹಾಕಿಕೊಳ್ಳುವ ಕೋಣೆ ಇದೆಯೇ ಎಂದು ಕೇಳುತ್ತೇನೆ. ಉತ್ತರಗಳನ್ನು ಅವರೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಬೇಕು, ಅರ್ಜಿ ತುಂಬುವುದು ಅದಾದ ಮೇಲೆ.