ಕಷಾಯದಾಚೆಗಿನ ಚಿಕಿತ್ಸೆ: ಕೆನಡಾದ ಮೂಲನಿವಾಸಿಗಳ ಆರೋಗ್ಯ ಪರಂಪರೆ

1535-36ರ ಚಳಿಗಾಲದಲ್ಲಿ, ಸೇಂಟ್ ಲಾರೆನ್ಸ್ ನದಿಯ ಹಿಮದ ನಡುವೆ ಸಿಲುಕಿದ್ದ ಫ್ರೆಂಚ್ ನಾವಿಕ ಜಾಕ್ ಕಾರ್ಟಿಯೆಯ ಸಂಗಡಿಗರು ಸ್ಕರ್ವಿ ರೋಗದಿಂದ ಒಬ್ಬೊಬ್ಬರಾಗಿ ಸಾಯುತ್ತಿದ್ದಾಗ, ಅಲ್ಲಿನ ಮೂಲನಿವಾಸಿಗಳು ನಿತ್ಯಹಸುರಿನ ಮರವೊಂದರ ಎಲೆ ಮತ್ತು ತೊಗಟೆಯ ಕಷಾಯವನ್ನು ತೋರಿಸಿಕೊಟ್ಟು ಉಳಿದವರನ್ನು ಬದುಕಿಸಿದರು. ಆ ರೋಗವನ್ನು ಗುಣಪಡಿಸುವ ಸಿ ಜೀವಸತ್ವವನ್ನು ವಿಜ್ಞಾನ ಬೇರ್ಪಡಿಸಿ ಗುರುತಿಸಿದ್ದು 20ನೆಯ ಶತಮಾನದಲ್ಲಿ. ಮೂಲನಿವಾಸಿಗಳ ವೈದ್ಯವನ್ನು ಹೊಗಳುವವರು ಸಾಮಾನ್ಯವಾಗಿ ಇಂಥ ಪ್ರಸಂಗಗಳನ್ನೇ ಎತ್ತಿಕೊಳ್ಳುತ್ತಾರೆ. ಆದರೆ ಸೊಪ್ಪಿನಲ್ಲಿ ಔಷಧಾಂಶ ಸಿಕ್ಕರೆ ಮಾತ್ರ ಒಂದು ಪರಂಪರೆಗೆ ಬೆಲೆ ಎನ್ನುವುದಾದರೆ, ಅದರ ಬಹುಪಾಲು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸುಮಾರು 200 ಮೂಲನಿವಾಸಿ ಸಮುದಾಯಗಳನ್ನು ಪರಿಶೀಲಿಸಿ, ಮನಶ್ಶಾಸ್ತ್ರಜ್ಞರಾದ ಮೈಕೇಲ್ ಚಾಂಡ್ಲರ್ ಮತ್ತು ಕ್ರಿಸ್ಟೋಫರ್ ಲಲಾಂಡ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬಹಳ ಮುಖ್ಯವಾದುದು. ಯುವಜನರ ಆತ್ಮಹತ್ಯೆ ಎಲ್ಲ ಸಮುದಾಯಗಳಲ್ಲೂ ಒಂದೇ ರೀತಿ ಇರಲಿಲ್ಲ. ಅರ್ಧಕ್ಕಿಂತ ಹೆಚ್ಚು ಸಮುದಾಯಗಳಲ್ಲಿ ಅಧ್ಯಯನದ ಅವಧಿಯಲ್ಲಿ ಅಂಥ ಒಂದು ಸಾವೂ ಸಂಭವಿಸಿರಲಿಲ್ಲ. ನೆಲದ ಹಕ್ಕಿಗಾಗಿ ಹೋರಾಟ, ಸ್ವಯಮಾಡಳಿತ, ಶಾಲೆ, ಆರೋಗ್ಯ ಸೇವೆ, ಪೊಲೀಸ್ ಮತ್ತು ಅಗ್ನಿಶಾಮಕ ಸೇವೆ, ಸಾಂಸ್ಕೃತಿಕ ಕೇಂದ್ರ ಇವೆಲ್ಲವೂ ತಮ್ಮ ಕೈಯಲ್ಲಿದ್ದ ಕಡೆ ಆ ಸಂಖ್ಯೆ ಸೊನ್ನೆಯಾಗಿತ್ತು. ಇದು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಬೀತುಪಡಿಸುವುದಿಲ್ಲ, ನಿಜ. ಆದರೂ ಪಾಟ್ಲ್ಯಾಚ್ ಎಂಬ ಸಮುದಾಯಾಚರಣೆಯನ್ನು 1885ರಿಂದ 1951ರವರೆಗೆ ಕಾನೂನೇ ನಿಷೇಧಿಸಿದ್ದ, ಮಕ್ಕಳನ್ನು ವಸತಿಶಾಲೆಗಳಿಗೆ ಒಯ್ದು ಮಾತೃಭಾಷೆ ಆಡಿದ್ದಕ್ಕೆ ಶಿಕ್ಷಿಸಿದ ದೇಶದಲ್ಲಿ ಈ ಫಲಿತಾಂಶವನ್ನು ಲಘುವಾಗಿ ಕಾಣಲಾಗದು.

ಸಮುದಾಯದ ಬದುಕು ಅದರ ಕೈಯಲ್ಲೇ ಇರುವುದಕ್ಕೂ ಆರೋಗ್ಯಕ್ಕೂ ಇರುವ ನಂಟು ಹೆರಿಗೆಯ ವಿಷಯದಲ್ಲಂತೂ ಇನ್ನೂ ಸ್ಪಷ್ಟ. ಕ್ವಿಬೆಕ್ ಪ್ರಾಂತ್ಯದ ಉತ್ತರ ಭಾಗದಲ್ಲಿ ಇನುಯಿಟ್ ಎಂಬ ಮೂಲನಿವಾಸಿ ಜನಾಂಗದ ಗರ್ಭಿಣಿಯರನ್ನು ಮನೆಯವರಿಂದ ಅಗಲಿಸಿ, ವಾರಗಟ್ಟಲೆ ಮೊದಲೇ ವಿಮಾನದಲ್ಲಿ ದಕ್ಷಿಣದ ಆಸ್ಪತ್ರೆಗಳಿಗೆ ಕಳುಹಿಸುವ ಪದ್ಧತಿಯಿತ್ತು. 1986ರಲ್ಲಿ ಅಲ್ಲಿನ ಪುವಿರ್ನಿಟುಕ್ ಎಂಬ ಊರಿನಲ್ಲಿ ಹೆರಿಗೆ ಕೇಂದ್ರ ಆರಂಭವಾಗಿ, ಸ್ಥಳೀಯ ಮಹಿಳೆಯರೇ ಸೂಲಗಿತ್ತಿಯರಾಗಿ ತರಬೇತಿ ಪಡೆದರು. ಅಪಾಯದ ಲಕ್ಷಣ ಕಂಡವರನ್ನು ಮಾತ್ರ ದೂರಕ್ಕೆ ಕಳುಹಿಸಲಾಗುತ್ತದೆ. ಆಧುನಿಕ ಪ್ರಸೂತಿಶಾಸ್ತ್ರವನ್ನು ಇಲ್ಲಿ ಯಾರೂ ಕೈಬಿಟ್ಟಿಲ್ಲ.

ವಸತಿಶಾಲೆಗಳ ಅನ್ಯಾಯವನ್ನು ವಿಚಾರಿಸಿದ ಕೆನಡಾದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಮುಂದಿಟ್ಟ 94 ಕರೆಗಳಲ್ಲಿ 22ನೆಯದು, ರೋಗಿ ಬಯಸಿದಲ್ಲಿ ಹಿರಿಯರು ಮತ್ತು ಪಾರಂಪರಿಕ ಚಿಕಿತ್ಸಕರ ಜೊತೆಗೂಡಿ ಆ ಚಿಕಿತ್ಸೆಯನ್ನು ಬಳಸಬೇಕೆಂದು ಆರೋಗ್ಯ ವ್ಯವಸ್ಥೆಯನ್ನು ಕೇಳುತ್ತದೆ. ‘ರೋಗಿ ಬಯಸಿದಲ್ಲಿ’ ಎಂಬ ಷರತ್ತು ಬಹಳ ಸರಿಯಾದದ್ದು, ಏಕೆಂದರೆ ಮೂಲನಿವಾಸಿಗಳೆಲ್ಲರೂ ಒಂದೇ ಆಚರಣೆಯವರಲ್ಲ, ಕೆಲವರಿಗೆ ಅದು ಬೇಡವೂ ಆಗಿರಬಹುದು. ಕಾದ ಕಲ್ಲುಗಳ ಮೇಲೆ ನೀರೆರೆದು ಹಬೆಯಲ್ಲಿ ಕೂರುವ ಆಚರಣೆ ಹೃದ್ರೋಗಿಗೆ ತಕ್ಕುದೇ, ಕುಡಿಯುತ್ತಿರುವ ಕಷಾಯ ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯ ಪರಿಣಾಮವನ್ನು ಬದಲಿಸುತ್ತದೆಯೇ ಎಂಬ ಪ್ರಶ್ನೆಗಳನ್ನೂ ಕೇಳಲೇಬೇಕು. ವೈದ್ಯರು ತನ್ನನ್ನು ಹೀಗಳೆಯುವುದಿಲ್ಲ ಎಂಬ ಭರವಸೆಯಿದ್ದಾಗ ಮಾತ್ರ ರೋಗಿ ಇವುಗಳಿಗೆ ಮುಚ್ಚುಮರೆಯಿಲ್ಲದೆ ಉತ್ತರಿಸಬಲ್ಲ.