ಟೋನಿ ಐಯೋಮಿ: ಗಾಯಗೊಂಡ ಬೆರಳುಗಳು ಕಟ್ಟಿದ ಹಾಡುಗಳು

ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಐಯೋಮಿ ಅವರ ಅತ್ಯುತ್ತಮ ಹಾಡುಗಳು ಯಾವುವು ಎಂಬ ಚರ್ಚೆ ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಕೇಳುಗರ ನಡುವೆ ದಶಕಗಳಿಂದ ನಡೆದೇ ಇದೆ. ಬೇರೆ ವಾದಕರ ವಿಷಯದಲ್ಲಿ ಇಂಥ ಚರ್ಚೆ ಹೆಚ್ಚಾಗಿ ಸೋಲೋಗಳ, ಅಂದರೆ ಹಾಡಿನ ನಡುವೆ ಒಬ್ಬರೇ ನುಡಿಸುವ ಭಾಗಗಳ, ವೇಗದ ಸುತ್ತ ತಿರುಗುತ್ತದೆ. ಐಯೋಮಿ ಅವರ ವಿಷಯದಲ್ಲಿ ಮಾತ್ರ ಅದು ರಿಫ್‌ಗಳ ಬಳಿ, ಅಂದರೆ ಮತ್ತೆ ಮತ್ತೆ ಮರಳುತ್ತ ಇಡೀ ಹಾಡನ್ನು ಹೊತ್ತು ನಿಲ್ಲುವ ಸಣ್ಣ ಸ್ವರಗುಚ್ಛಗಳ ಬಳಿ ಬಂದು ನಿಲ್ಲುತ್ತದೆ. ಇದರ ಹಿನ್ನೆಲೆಯಲ್ಲಿ ಒಂದು ಕಾರ್ಖಾನೆಯ ಅಪಘಾತವಿದೆ.

1948ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಐಯೋಮಿ ಹದಿಹರೆಯದಲ್ಲಿ ಲೋಹದ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಸಂಗೀತವನ್ನೇ ನೆಚ್ಚಿಕೊಳ್ಳಬೇಕೆಂದು ನಿರ್ಧರಿಸಿ ಕೆಲಸ ಬಿಡಲಿದ್ದ ಕೊನೆಯ ದಿನ, ರೂಢಿಯಿಲ್ಲದ ಯಂತ್ರವೊಂದರ ಮುಂದೆ ಕುಳಿತಾಗ ಅವರ ಬಲಗೈಯ ಮಧ್ಯದ ಮತ್ತು ಉಂಗುರದ ಬೆರಳುಗಳ ತುದಿ ತುಂಡಾದವು. ಆಗ ಅವರಿಗೆ ಹದಿನೇಳು ವರ್ಷ. ಅವರು ಎಡಚರಾದ್ದರಿಂದ ತಂತಿಯನ್ನು ಒತ್ತಿ ಹಿಡಿಯುವ ಕೈಯೇ ಬಲಗೈ. ಆದಕಾರಣ ವಾದನವೇ ಮುಗಿಯಿತೆಂದು ಅವರು ನಂಬಿದ್ದರು. ಕಾರ್ಖಾನೆಯ ಮೇಲ್ವಿಚಾರಕರು ಆಗ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಅವರ ಧ್ವನಿಮುದ್ರಿಕೆಯೊಂದನ್ನು ಕೇಳಿಸಿದರು. 1928ರ ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳುಗಳ ಬಲ ಕಳೆದುಕೊಂಡ ಮೇಲೂ ರೈನ್‌ಹಾರ್ಟ್ ಯೂರೋಪಿನ ಜಾಝ್‌ನಲ್ಲಿ ಅಗ್ರಗಣ್ಯರಾದವರು.

ಐಯೋಮಿ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೋಪಿಗಳನ್ನು ಮಾಡಿಕೊಂಡು, ಮೇಲೆ ಚರ್ಮ ಅಂಟಿಸಿಕೊಂಡರು. ಟೋಪಿಯೊಳಗಿನ ಬೆರಳಿಗೆ ತಂತಿಯ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ದಪ್ಪ ತಂತಿಗಳನ್ನು ಒತ್ತುವುದು ಕಷ್ಟವಾದ್ದರಿಂದ ಬ್ಯಾಂಜೊ ವಾದ್ಯದ ತೆಳು ತಂತಿಗಳನ್ನು ಬಿಗಿದರು. ಹಲವು ಬೆರಳು ಬೇಡುವ ಪೂರ್ಣ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳ) ಬದಲು ಎರಡೇ ಸ್ವರಗಳ ಪವರ್ ಕಾರ್ಡ್‌ಗಳನ್ನು, ನಮ್ಮ ಸಂಗೀತದ ಮಾತಿನಲ್ಲಿ ಷಡ್ಜ ಪಂಚಮಗಳ ಜೋಡಿಯನ್ನು, ಹೆಚ್ಚಾಗಿ ನೆಚ್ಚಿಕೊಂಡರು. ಅವರ ಹಾಡುಗಳನ್ನು ಕೇಳುವಾಗ ಈ ವಿವರಗಳನ್ನು ಕೇವಲ ಮನಕರಗಿಸುವ ಕಥೆಯೆಂದು ಬದಿಗಿಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಹಾಡುಗಳ ರಚನೆಯೇ ಇವುಗಳ ಮೇಲೆ ನಿಂತಿದೆ.

ತಂಡದ ಮೊದಲ ಆಲ್ಬಮ್ 1970ರ ಫೆಬ್ರವರಿ 13ರಂದು ಹೊರಬಂತು. ಅದರ ಬಹುಭಾಗವನ್ನು ಒಂದೇ ದಿನದಲ್ಲಿ ಧ್ವನಿಮುದ್ರಿಸಲಾಗಿತ್ತು. ತಂಡದ ಹೆಸರನ್ನೇ ಹೊತ್ತ ಅದರ ಮೊದಲ ಹಾಡಿನಲ್ಲಿ ಒಂದು ಸ್ವರ, ಅದರ ಮೇಲಿನ ಸ್ಥಾಯಿಯ ಸ್ವರ, ಅಲ್ಲಿಂದ ಇಳಿದರೆ ಟ್ರೈಟೋನ್, ಇಷ್ಟೇ ಇವೆ. ಗಾಯಕ ಆಝಿ ಆಸ್ಬರ್ನ್, ಬಾಸ್ ವಾದಕ ಗೀಝರ್ ಬಟ್ಲರ್, ಡ್ರಮ್ ವಾದಕ ಬಿಲ್ ವಾರ್ಡ್ ಮೂವರೂ ಆ ಮೂರು ಸ್ವರಗಳಿಗೆ ಜಾಗ ಬಿಟ್ಟುಕೊಟ್ಟು ನಿಧಾನವಾಗಿ ಸಾಗುತ್ತಾರೆ. ಟ್ರೈಟೋನ್ ಎಂದರೆ ಷಡ್ಜದಿಂದ ಪ್ರತಿಮಧ್ಯಮಕ್ಕಿರುವ ಅಂತರ. ಕಲ್ಯಾಣಿ ರಾಗದಲ್ಲಿ ಪಂಚಮದತ್ತ ಚಾಚಿ ಬೆಳಕು ತರುವ ಅದೇ ಅಂತರ, ಇಲ್ಲಿ ಅಬ್ಬರದ ಆಂಪ್ಲಿಫೈಯರ್‌ನಲ್ಲಿ ಕಂಪಿಸುತ್ತ ನಿಂತು ಭಯವನ್ನು ಹುಟ್ಟಿಸುತ್ತದೆ. ಭಯದ ಮೂಲ ಸ್ವರದಲ್ಲಿಲ್ಲ, ಅದನ್ನು ಇಟ್ಟಿರುವ ಜಾಗದಲ್ಲಿದೆ ಎಂಬುದನ್ನು ಕರ್ನಾಟಕ ಸಂಗೀತದ ಪರಿಚಯವಿರುವ ಕೇಳುಗರು ಬೇಗ ಗುರುತಿಸಬಲ್ಲರು. ಅಂದಿನ ಅನೇಕ ವಿಮರ್ಶಕರು ಈ ಆಲ್ಬಮನ್ನು ಹೀಗಳೆದರು. ಆದರೂ ಅದು ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ 8ನೆಯ ಸ್ಥಾನಕ್ಕೇರಿತು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ 'ಪ್ಯಾರನಾಯ್ಡ್' ಆಲ್ಬಮಿನ ಶೀರ್ಷಿಕೆ ಹಾಡು, ಆಲ್ಬಮಿಗೆ ಕೆಲವು ನಿಮಿಷ ಕಡಿಮೆಬಿದ್ದಾಗ ಐಯೋಮಿ ಅರ್ಧ ಗಂಟೆಯೊಳಗೆ ಕಟ್ಟಿದ ರಿಫ್‌ನ ಫಲ. ತಂಡದ ಅತಿ ಪ್ರಸಿದ್ಧ ಹಾಡಾದ ಅದು ಬ್ರಿಟನ್ನಿನ ಹಾಡುಗಳ ಪಟ್ಟಿಯಲ್ಲಿ 4ನೆಯ ಸ್ಥಾನ ಮುಟ್ಟಿತು. 'ವಾರ್ ಪಿಗ್ಸ್' ಮತ್ತು 'ಐರನ್ ಮ್ಯಾನ್' ಕೂಡ ಇದೇ ಆಲ್ಬಮಿನವು. ಇವುಗಳಲ್ಲಿ 'ವಾರ್ ಪಿಗ್ಸ್' ನನಗೆ ಹೆಚ್ಚು ಮುಖ್ಯ: ಅದರಲ್ಲಿ ಎರಡು ಪೆಟ್ಟುಗಳ ನಡುವಿನ ಮೌನವೂ ರಿಫ್‌ನ ಭಾಗವೇ ಆಗಿದೆ.

ಆದರೆ ಚರಿತ್ರೆಯ ತಿರುವು ಇರುವುದು 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯಲ್ಲಿ. 'ಚಿಲ್ಡ್ರನ್ ಆಫ್ ದ ಗ್ರೇವ್', 'ಇಂಟು ದ ವಾಯ್ಡ್' ಮೊದಲಾದ ಹಾಡುಗಳಿಗೆ ಐಯೋಮಿ ಗಿಟಾರಿನ ಶ್ರುತಿಯನ್ನು ಮೂರು ಸ್ವರಸ್ಥಾನ ಕೆಳಗಿಳಿಸಿದರು. ತಂತಿಯ ಬಿಗಿತ ಕಂಪನಾಂಕದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಇಷ್ಟು ಇಳಿಸಿದರೆ ಬಿಗಿತ ಸುಮಾರು ಶೇ. 30ರಷ್ಟು ತಗ್ಗುತ್ತದೆ. ಗಾಯಗೊಂಡ ಬೆರಳಿಗೆ ಹಗುರವಾಗಲಿ ಎಂದು ಸಡಿಲಗೊಳಿಸಿದ ತಂತಿಯಿಂದಲೇ, ಅದುವರೆಗೆ ರಾಕ್ ಸಂಗೀತ ಕೇಳಿರದ ಮಂದ್ರದ ಭಾರವೊಂದು ಹೊರಟಿತು. ಡೂಮ್ ಮತ್ತು ಸ್ಟೋನರ್ ಮೆಟಲ್ ಎಂದು ಮುಂದೆ ಕರೆಸಿಕೊಂಡ, ನಿಧಾನಗತಿಯ ಭಾರದ ನಾದದ ಪ್ರಕಾರಗಳು ಈ ಆಲ್ಬಮಿಗೆ ನೇರವಾಗಿ ಋಣಿಯಾಗಿವೆ. ನೋವೇ ಈ ನಾದವನ್ನು ಕೊಟ್ಟಿತೆಂದು ಹೇಳುವುದು ಮಾತ್ರ ಸಲ್ಲದು. ಅನುಕೂಲಕ್ಕಾಗಿ ಮಾಡಿದ ಬದಲಾವಣೆಯಲ್ಲಿ ಹೊಸ ನಾದವಿದೆಯೆಂದು ಗುರುತಿಸಿ, ಅದಕ್ಕೆ ತಕ್ಕ ರಿಫ್‌ಗಳನ್ನು ರಚಿಸಿದ್ದು ಅವರ ಕಿವಿ ಮತ್ತು ವಿವೇಕ. ಇದೇ ಆಲ್ಬಮಿನಲ್ಲಿ 'ಆರ್ಕಿಡ್' ಎಂಬ ಮೃದುವಾದ ಗಿಟಾರ್ ತುಣುಕೂ ಇದೆ.

1975ರ 'ಸಿಂಪ್ಟಮ್ ಆಫ್ ದ ಯೂನಿವರ್ಸ್' ಹಾಡಿನ ಒರಟು, ರಭಸದ ರಿಫ್ ಕೇಳಿದವರಿಗೆ ಮುಂದಿನ ದಶಕದ, ವೇಗವೇ ಮುಖ್ಯವಾದ ಥ್ರ್ಯಾಶ್ ಮೆಟಲ್ ಪ್ರಕಾರ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ. 2006ರಲ್ಲಿ ಬ್ಲ್ಯಾಕ್ ಸಬ್ಬತ್ ತಂಡವನ್ನು ರಾಕ್ ಸಂಗೀತಗಾರರ ಗೌರವ ಪಟ್ಟಿಯಾದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಬರಮಾಡಿಕೊಂಡವರು ಥ್ರ್ಯಾಶ್ ಮೆಟಲ್‌ನ ಪ್ರಮುಖ ತಂಡವಾದ ಮೆಟಾಲಿಕಾದವರು; ಅದೇ ಮೆಟಾಲಿಕಾ 2011ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಐಯೋಮಿ ಪರಂಪರೆಯ ಫಲವನ್ನು ಇಲ್ಲಿನ ಸಾವಿರಾರು ಕೇಳುಗರು ಎದುರಿಗೇ ಕಂಡರು. ಆಸ್ಬರ್ನ್ ಅವರನ್ನು 1979ರಲ್ಲಿ ಕೈಬಿಟ್ಟ ಬಳಿಕ, ಹೊಸ ಗಾಯಕ ರಾನಿ ಜೇಮ್ಸ್ ಡಿಯೋ ಅವರ ಕಂಠಕ್ಕೆ ಒಪ್ಪುವಂತೆ ರಚಿಸಿದ 1980ರ 'ಹೆವನ್ ಅಂಡ್ ಹೆಲ್' ಕೂಡ ಮೊದಲ ಸಾಲಿನಲ್ಲಿ ನಿಲ್ಲತಕ್ಕ ಹಾಡು.

2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಮೂಲ ತಂಡದ ನಾಲ್ವರೂ ಕೊನೆಯ ಬಾರಿಗೆ ಒಟ್ಟಾಗಿ 'ವಾರ್ ಪಿಗ್ಸ್', 'ಎನ್.ಐ.ಬಿ.', 'ಐರನ್ ಮ್ಯಾನ್', 'ಪ್ಯಾರನಾಯ್ಡ್' ಹಾಡುಗಳನ್ನು ನುಡಿಸಿದರು. ನಾಲ್ಕೂ 1970ರವು. ಜನಪ್ರಿಯತೆಯ ದೃಷ್ಟಿಯಿಂದ ಆ ಆಯ್ಕೆ ಸಹಜವೇ. ಆದರೆ ಐಯೋಮಿ ಅವರನ್ನು ಹೊಸದಾಗಿ ಕೇಳಹೊರಟವರಿಗೆ ನಾನು ಸೂಚಿಸುವುದು ಆ ಪಟ್ಟಿಯಲ್ಲಿಲ್ಲದ 'ಇಂಟು ದ ವಾಯ್ಡ್' ಹಾಡನ್ನು, ಅದರ ಮೊದಲ ಒಂದು ನಿಮಿಷದ ವಾದ್ಯಭಾಗವನ್ನು ಗಮನವಿಟ್ಟು ಕೇಳುವುದರೊಂದಿಗೆ.